ಕಾಗದದ ಮೇಲೆ ಮೊದಲು ಎದ್ದು ನಿಂತ ಕನ್ನಂಬಾಡಿ: ಸರ್ ಎಂ.ವಿ. ಬದುಕು ಮತ್ತು ಲೆಕ್ಕ

ಮಂಡ್ಯ: ಮುಂಗಾರು ಶುರುವಾಯಿತೆಂದರೆ ಶ್ರೀರಂಗಪಟ್ಟಣ, ಪಾಂಡವಪುರ ಭಾಗದ ರೈತರು ದಿನ ಬೆಳಗಾದರೆ ವಿಚಾರಿಸುವುದು ಒಂದೇ ಸಂಖ್ಯೆಯನ್ನು. ಕನ್ನಂಬಾಡಿ ಕಟ್ಟೆಯಲ್ಲಿ ನೀರು ಎಷ್ಟು ಅಡಿಗೆ ಬಂತು ಎಂಬುದೇ ಆ ಪ್ರಶ್ನೆ. ಗರಿಷ್ಠ ಮಟ್ಟ 124.80 ಅಡಿ ಎಂಬುದು ಇಲ್ಲಿನ ಶಾಲಾ ಮಕ್ಕಳಿಗೂ ಬಾಯಿಪಾಠ. ಬೆಂಗಳೂರು, ಮೈಸೂರಿನ ನಲ್ಲಿಗಳಲ್ಲಿ ಬರುವ ನೀರಿಗೂ ಈ ಅಂಕಿಗೂ ನೇರ ನಂಟು ಇರುವುದರಿಂದ ನಗರವಾಸಿಗಳೂ ಅದನ್ನು ಗಮನಿಸುತ್ತಾರೆ.

ಆದರೆ ಈ ಸಂಖ್ಯೆಯ ಹಿಂದೆ ಒಂದು ದೊಡ್ಡ ತೀರ್ಮಾನ ಅಡಗಿದೆ ಎಂಬುದು ಅನೇಕರಿಗೆ ತಿಳಿದಿಲ್ಲ. 1911ರಲ್ಲಿ ಕಾಮಗಾರಿ ಆರಂಭವಾದಾಗ ಮೈಸೂರು ಸಂಸ್ಥಾನಕ್ಕೆ ದೊರೆತಿದ್ದ ಒಪ್ಪಿಗೆ ಕೇವಲ 80 ಅಡಿ ಎತ್ತರದ ಸಂಗ್ರಹಕ್ಕೆ ಮಾತ್ರ. ತಳಪಾಯ ಹಾಕಿದ್ದು ಮಾತ್ರ 124 ಅಡಿ ನೀರು ನಿಲ್ಲಿಸುವ ಗೋಡೆಗೆ. ಮುಂದೆ ಒಪ್ಪಿಗೆ ಸಿಗದೇ ಹೋಗಿದ್ದರೆ ಸಂಸ್ಥಾನದ ಹಣ ನೆಲದೊಳಗೆ ಹೂತುಹೋಗುತ್ತಿತ್ತು. ಆ ತೀರ್ಮಾನದ ಹೊಣೆ ಹೊತ್ತವರು ಅಂದಿನ ಚೀಫ್ ಎಂಜಿನಿಯರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯ. ಅವರಿಗೆ ಈ ಧೈರ್ಯ ಕೊಟ್ಟಿದ್ದು ಕಾಗದದ ಮೇಲೆ ಮಾಡಿದ ಲೆಕ್ಕ.

ಇಂದು ಎಂಜಿನಿಯರಿಂಗ್ ಕ್ಷೇತ್ರದಲ್ಲಿ ಮಾದರಿ ಆಧಾರಿತ ವಿನ್ಯಾಸ ಎಂಬ ಮಾತು ಬಹಳ ಬಳಕೆಯಲ್ಲಿದೆ. ವಿಮಾನ, ಕಾರು, ವೈದ್ಯಕೀಯ ಯಂತ್ರ, ಉಪಗ್ರಹ ಮುಂತಾದ ಜಟಿಲ ವ್ಯವಸ್ಥೆಗಳನ್ನೂ ಅವುಗಳನ್ನು ನಡೆಸುವ ತಂತ್ರಾಂಶವನ್ನೂ ತಯಾರಿಸುವ ಮೊದಲು ಅವುಗಳ ಗಣಿತರೂಪದ ಮಾದರಿಯನ್ನು ಕಂಪ್ಯೂಟರಿನಲ್ಲಿ ರಚಿಸಲಾಗುತ್ತದೆ. ಆ ಮಾದರಿಯನ್ನು ನಾನಾ ಸನ್ನಿವೇಶಗಳಿಗೆ ಒಡ್ಡಿ, ತಪ್ಪು ಕಂಡರೆ ಅಲ್ಲಿಯೇ ತಿದ್ದಿ, ಆಮೇಲೆ ನಿಜವಾದ ವಸ್ತುವಿಗೆ ಕೈ ಹಾಕುವುದು ಈ ವಿಧಾನ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿದ ತೇಜಸ್ ಯುದ್ಧ ವಿಮಾನದ ನಿಯಂತ್ರಣ ವ್ಯವಸ್ಥೆ ಆಕಾಶಕ್ಕೇರುವ ಮೊದಲು ನೆಲದ ಮೇಲಿನ ಅನುಕರಣೆಯಲ್ಲಿ ದೀರ್ಘ ಕಾಲ ಹಾರಾಡಿತ್ತು. ಕಂಪ್ಯೂಟರ್ ಎಂಬ ಪದಕ್ಕೆ ಇಂದಿನ ಅರ್ಥವೇ ಇಲ್ಲದಿದ್ದ ಕಾಲದಲ್ಲಿ, ಪೆನ್ಸಿಲು ಮತ್ತು ಮಳೆ ದಾಖಲೆಯ ಪುಸ್ತಕಗಳನ್ನು ಹಿಡಿದು ಇದೇ ಹಾದಿಯಲ್ಲಿ ನಡೆದವರು ವಿಶ್ವೇಶ್ವರಯ್ಯ. ಅವರ ಬದುಕನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡುವುದು ಉಚಿತ.

ಮುದ್ದೇನಹಳ್ಳಿಯಿಂದ ಪುಣೆಗೆ

ವಿಶ್ವೇಶ್ವರಯ್ಯನವರು ಹುಟ್ಟಿದ್ದು 1861ರ ಸೆಪ್ಟೆಂಬರ್ 15ರಂದು, ಚಿಕ್ಕಬಳ್ಳಾಪುರ ಸಮೀಪದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ತಾಯಿ ವೆಂಕಟಲಕ್ಷ್ಮಮ್ಮ. ಪೂರ್ವಿಕರು ಇಂದಿನ ಆಂಧ್ರಪ್ರದೇಶದ ಮೋಕ್ಷಗುಂಡಂ ಎಂಬ ಊರಿನವರಾದ್ದರಿಂದ ಮನೆತನಕ್ಕೆ ಆ ಹೆಸರು ಉಳಿಯಿತು. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗ ಬೆಂಗಳೂರಿಗೆ ಬಂದು, ಮಕ್ಕಳಿಗೆ ಪಾಠ ಹೇಳಿ ತನ್ನ ಓದಿನ ಖರ್ಚು ಹೊಂದಿಸಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಕಲಿತು 1881ರಲ್ಲಿ ಬಿ.ಎ. ಪದವಿ ಪಡೆದರು. ಮೈಸೂರು ಸರ್ಕಾರದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜು ಸೇರಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಅಗ್ರಸ್ಥಾನ ಗಳಿಸಿದರು. 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್ ಹುದ್ದೆ ದೊರೆಯಿತು.

ಮುಂದಿನ 24 ವರ್ಷಗಳು ಅವರು ಆ ಪ್ರಾಂತ್ಯದಲ್ಲೇ ಕಳೆದರು. ಸಿಂಧ್ ಪ್ರದೇಶದ ಸುಕ್ಕೂರಿಗೆ ಕುಡಿಯುವ ನೀರು ಒದಗಿಸುವ ಕೆಲಸ ಬಂದಾಗ, ಮಣ್ಣು ತುಂಬಿದ ಸಿಂಧೂ ನದಿಯ ನೀರನ್ನು ಶುದ್ಧಗೊಳಿಸಲು ದುಬಾರಿ ಸ್ಥಾವರದ ಬದಲು ನದಿಪಾತ್ರದ ಮರಳನ್ನೇ ಶೋಧಕವಾಗಿ ಬಳಸುವ ಉಪಾಯ ಹೂಡಿದರು. ಪುಣೆ ಬಳಿಯ ನೀರಾ ನಾಲೆಯಲ್ಲಿ ನೀರಿನ ಹಂಚಿಕೆಗೆ ಬ್ಲಾಕ್ ಪದ್ಧತಿಯನ್ನು ರೂಪಿಸಿದರು. 1906ರಲ್ಲಿ ಏಡನ್ ಬಂದರಿನ ನೀರು ಸರಬರಾಜು ಮತ್ತು ಒಳಚರಂಡಿ ಕುರಿತು ವರದಿ ನೀಡಲು ಅವರನ್ನೇ ಕಳುಹಿಸಲಾಯಿತು. ಎಲ್ಲೆಡೆಯೂ ಅವರ ಕ್ರಮ ಒಂದೇ. ಮೊದಲು ಅಳತೆ, ಅನಂತರ ಲೆಕ್ಕ, ಆಮೇಲೆ ನಕ್ಷೆ, ಕಡೆಗೆ ಕಾಮಗಾರಿ.

ಕಾವಲುಗಾರನಿಲ್ಲದ ಬಾಗಿಲು

ಅವರ ಹೆಸರನ್ನು ದೇಶದ ಎಂಜಿನಿಯರುಗಳ ನಡುವೆ ಹಬ್ಬಿಸಿದ್ದು ಪುಣೆ ಸಮೀಪದ ಖಡಕ್ವಾಸಲಾ ಜಲಾಶಯದ ಸ್ವಯಂಚಾಲಿತ ದ್ವಾರಗಳು. ಅಂದು ಫೈಫ್ ಸರೋವರವೆಂದು ಕರೆಯುತ್ತಿದ್ದ ಆ ಜಲಾಶಯ ಪ್ರತಿ ಮಳೆಗಾಲದಲ್ಲೂ ಕೋಡಿ ಹರಿದು ನೀರು ಪೋಲಾಗುತ್ತಿತ್ತು. ಬೇಸಿಗೆಯಲ್ಲಿ ಮಾತ್ರ ನೀರು ಸಾಲುತ್ತಿರಲಿಲ್ಲ. ಗೋಡೆಯನ್ನು ಎತ್ತರಿಸೋಣವೆಂದರೆ ಹಳೆಯ ಕಟ್ಟಡ ಹೆಚ್ಚಿನ ಒತ್ತಡ ತಾಳುವುದೇ ಎಂಬ ಅನುಮಾನ. ಕೋಡಿಯ ಮೇಲೆ ಬಾಗಿಲು ಇರಿಸೋಣವೆಂದರೆ ಮಧ್ಯರಾತ್ರಿ ಪ್ರವಾಹ ಬಂದಾಗ ಅವನ್ನು ತೆರೆಯುವವರು ಯಾರು ಎಂಬ ಪ್ರಶ್ನೆ.

ವಿಶ್ವೇಶ್ವರಯ್ಯನವರು ಆ ಹೊಣೆಯನ್ನು ನೀರಿಗೇ ವಹಿಸಿದರು. ಬಾಗಿಲಿಗೆ ಎದುರುತೂಕವೊಂದನ್ನು ಜೋಡಿಸಿ ಎರಡನ್ನೂ ಸಮತೋಲನದಲ್ಲಿ ಇರಿಸಲಾಗಿತ್ತು. ಸರೋವರದ ನೀರು ನಿಗದಿತ ಮಟ್ಟವನ್ನು ಮುಟ್ಟಿದಾಗ ಅದರ ಒಂದು ಪಾಲು ಎದುರುತೂಕವಿರುವ ತೊಟ್ಟಿಗೆ ಹರಿದು, ತೇಲುವಿಕೆಯಿಂದ ತೂಕ ಕಡಿಮೆಯಾಗಿ ಸಮತೋಲನ ತಪ್ಪುತ್ತಿತ್ತು. ಬಾಗಿಲು ತೆರೆದು ಹೆಚ್ಚುವರಿ ನೀರು ಹೊರಹೋಗುತ್ತಿತ್ತು. ಮಟ್ಟ ಇಳಿದರೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಗೋಡೆಯನ್ನು ಎತ್ತರಿಸದೆಯೇ ಸಂಗ್ರಹದ ಮಟ್ಟ 8 ಅಡಿ ಏರಿತು. 1903ರಲ್ಲಿ ಅಳವಡಿಸಿದ ಈ ವ್ಯವಸ್ಥೆಗೆ ಅವರು ಪೇಟೆಂಟ್ ಪಡೆದರು.

ಸ್ಥಿತಿಯನ್ನು ಅಳೆಯುವುದು, ಮಿತಿಯೊಡನೆ ಹೋಲಿಸುವುದು, ಮಿತಿ ಮೀರಿದರೆ ಕ್ರಮ ಕೈಗೊಳ್ಳುವುದು, ಮತ್ತೆ ಅಳೆಯುವುದು. ಇಂದಿನ ನಿಯಂತ್ರಣ ತಂತ್ರಾಂಶವೂ ಮಾಡುವುದು ಇದನ್ನೇ. ಅಲ್ಲಿ ಸಂವೇದಕ ಮತ್ತು ಚಿಪ್ ಮಾಡುವ ಕೆಲಸವನ್ನು ಇಲ್ಲಿ ನೀರು, ಕಬ್ಬಿಣ ಮತ್ತು ಸರಪಳಿ ಮಾಡಿದವು. ಇಂಥ ದ್ವಾರಗಳೇ ಮುಂದೆ ಗ್ವಾಲಿಯರಿನ ತಿಗ್ರಾ ಅಣೆಕಟ್ಟೆಗೂ ಕನ್ನಂಬಾಡಿಗೂ ಬಂದವು. ತಿಗ್ರಾ ಅಣೆಕಟ್ಟೆ 1917ರಲ್ಲಿ ಒಡೆದುಹೋಯಿತು. ಅದಕ್ಕೆ ಕಾರಣ ತಳಪಾಯದ ಮರಳುಗಲ್ಲಿನೊಳಗೆ ನುಸುಳಿದ ನೀರಿನ ಒತ್ತಡ. ಒಂದು ಅಂಗದ ಲೆಕ್ಕ ಎಷ್ಟೇ ಸರಿಯಿದ್ದರೂ ಇಡೀ ವ್ಯವಸ್ಥೆಯ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಆ ದುರಂತ ಎಂಜಿನಿಯರುಗಳಿಗೆ ನೆನಪಿಸಿತು.

ಮೂಸಿ ನದಿ ಕಲಿಸಿದ ಪಾಠ

1908ರಲ್ಲಿ ವಿಶ್ವೇಶ್ವರಯ್ಯನವರು ಮುಂಬಯಿ ಸರ್ಕಾರದ ಸೇವೆಯಿಂದ ಅವಧಿಗೆ ಮೊದಲೇ ನಿವೃತ್ತಿ ಪಡೆದು ವಿದೇಶ ಪ್ರವಾಸ ಕೈಗೊಂಡರು. ಅದೇ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ನಗರದಲ್ಲಿ ಸಾವಿರಾರು ಜನ ಪ್ರಾಣ ಕಳೆದುಕೊಂಡರು. ನಿಜಾಮರ ಸರ್ಕಾರ ಪ್ರವಾಹ ತಡೆಯುವ ಉಪಾಯ ಸೂಚಿಸಲು ಇವರನ್ನು ಕರೆಸಿಕೊಂಡಿತು.

ನಗರದ ದಂಡೆಗೆ ಎತ್ತರದ ಗೋಡೆ ಕಟ್ಟುವುದು ಎಲ್ಲರಿಗೂ ಹೊಳೆಯುವ ಪರಿಹಾರ. ಇವರು ನಗರವನ್ನು ಬಿಟ್ಟು ನದಿಯ ಜಲಾನಯನ ಪ್ರದೇಶದತ್ತ ನೋಡಿದರು. ಎಲ್ಲೆಲ್ಲಿ ಎಷ್ಟು ಮಳೆ ಬಿತ್ತು, ಮೇಲಿನ ನೂರಾರು ಕೆರೆಗಳ ಪೈಕಿ ಎಷ್ಟು ಒಡೆದವು, ಆ ನೀರು ನಗರವನ್ನು ಮುಟ್ಟಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನೆಲ್ಲ ಕ್ರೋಡೀಕರಿಸಿದರು. ಇನ್ನೂರಕ್ಕೂ ಹೆಚ್ಚು ಕೆರೆಗಳು ಒಂದರ ಹಿಂದೆ ಒಂದು ಒಡೆದಿದ್ದು ಬೆಳಕಿಗೆ ಬಂತು. ನಗರದ ಮೇಲ್ಭಾಗದಲ್ಲಿ ಜಲಾಶಯಗಳನ್ನು ನಿರ್ಮಿಸಿ ಪ್ರವಾಹವನ್ನು ಅಲ್ಲಿಯೇ ಹಿಡಿದಿಡಬೇಕೆಂದು ಅವರು ಶಿಫಾರಸು ಮಾಡಿದರು. ಅದರ ಫಲವಾಗಿ ಮೂಡಿದ ಉಸ್ಮಾನ್ ಸಾಗರ 1920ರಲ್ಲಿಯೂ ಹಿಮಾಯತ್ ಸಾಗರ 1927ರಲ್ಲಿಯೂ ಪೂರ್ಣಗೊಂಡವು.

ನದಿಯನ್ನು ಒಂದು ಜಾಗದಲ್ಲಿ ನೋಡಿದರೆ ಸಾಲದು, ಹುಟ್ಟಿನಿಂದ ಕೊನೆಯವರೆಗೆ ಒಂದೇ ವ್ಯವಸ್ಥೆಯಾಗಿ ನೋಡಬೇಕು ಎಂಬ ಈ ದೃಷ್ಟಿಯನ್ನು ಹೊತ್ತು ಅವರು 1909ರ ನವೆಂಬರ್‌ನಲ್ಲಿ ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಬಂದರು.

ಕಾವೇರಿಗೆ ಹಾಕಿದ ಗಣಿತ

ಕಾವೇರಿಗೆ ಕಟ್ಟೆ ಹಾಕುವ ಆಲೋಚನೆ ಹೊಸದಲ್ಲ. ಶ್ರೀರಂಗಪಟ್ಟಣದ ಸುತ್ತ ಚಿಕ್ಕದೇವರಾಯಸಾಗರ ನಾಲೆ, ವಿರಿಜಾ ನಾಲೆಯಂಥ ಹಳೆಯ ನಾಲೆಗಳು ಒಡ್ಡುಗಳಿಂದ ನೀರು ಪಡೆದು ಗದ್ದೆಗಳನ್ನು ಹಸಿರಾಗಿಸಿದ್ದವು. ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಹೇಮಾವತಿಗೆ ಅಡ್ಡಲಾಗಿ ಹೇಮಗಿರಿ, ಮಂದಗೆರೆ ಅಣೆಗಳಿದ್ದವು. ಪಾಂಡವಪುರ ಬಳಿಯ ತೊಣ್ಣೂರು ಕೆರೆ ಶತಮಾನಗಳಷ್ಟು ಹಳೆಯದು. ಕನ್ನಂಬಾಡಿಯಲ್ಲಿ ಅಣೆಕಟ್ಟೆ ನಿರ್ಮಿಸಲು ಟಿಪ್ಪು ಸುಲ್ತಾನ್ 18ನೇ ಶತಮಾನದ ಕೊನೆಯ ದಶಕದಲ್ಲಿ ಯೋಜಿಸಿದ್ದನೆಂದು ತಿಳಿಸುವ ಪರ್ಷಿಯನ್ ಶಾಸನ ಕಾಮಗಾರಿಯ ವೇಳೆ ದೊರೆಯಿತು. ಅದನ್ನು ಅಣೆಕಟ್ಟೆಯ ಪ್ರವೇಶದ್ವಾರದಲ್ಲಿ ಇರಿಸಲಾಗಿದೆ.

ಆದರೆ ಅಣೆ ಅಥವಾ ಒಡ್ಡು ಹರಿಯುವ ನೀರನ್ನು ತಿರುಗಿಸಬಲ್ಲದೇ ಹೊರತು ಕೂಡಿಡಲಾರದು. ನದಿ ಬತ್ತಿದರೆ ನಾಲೆಯೂ ಬತ್ತುತ್ತದೆ. 20ನೇ ಶತಮಾನದ ಆರಂಭದಲ್ಲಿ ಈ ಸಮಸ್ಯೆಗೆ ಇನ್ನೊಂದು ಮುಖ ಸೇರಿಕೊಂಡಿತು. 1902ರಲ್ಲಿ ಶಿವನಸಮುದ್ರದಲ್ಲಿ ಜಲವಿದ್ಯುತ್ ಉತ್ಪಾದನೆ ಆರಂಭವಾಗಿ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹರಿಯುತ್ತಿತ್ತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಯಂತ್ರಗಳು ಸೊರಗುತ್ತಿದ್ದವು. ಗಣಿಗಳು ಹೆಚ್ಚು ವಿದ್ಯುತ್ ಕೇಳುತ್ತಿದ್ದವು, ಗದ್ದೆಗಳು ನೀರು ಕೇಳುತ್ತಿದ್ದವು.

ವಿಶ್ವೇಶ್ವರಯ್ಯನವರ ಯೋಜನೆ ಈ ಎರಡನ್ನೂ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆಯಿತು. ಮಳೆಗಾಲದ ಹೆಚ್ಚುವರಿ ನೀರನ್ನು ಕೂಡಿಟ್ಟು ವರ್ಷವಿಡೀ ಸಮನಾಗಿ ಬಿಟ್ಟರೆ ಶಿವನಸಮುದ್ರಕ್ಕೆ ಬೇಸಿಗೆಯ ಕೊರತೆ ಇಲ್ಲ. ವಿದ್ಯುತ್ತಿನಿಂದ ಬರುವ ಆದಾಯ ಕಟ್ಟೆಯ ವೆಚ್ಚ ತೀರಿಸಲು ನೆರವಾಗುತ್ತದೆ. ಎತ್ತರ ಹೆಚ್ಚಿಸಿದರೆ ಸುಮಾರು ಒಂದೂವರೆ ಲಕ್ಷ ಎಕರೆ ಭೂಮಿಗೆ ನೀರು ಕೊಡಬಹುದು. ಒಟ್ಟು ವೆಚ್ಚದ ಅಂದಾಜು ಸುಮಾರು ಎರಡೂವರೆ ಕೋಟಿ ರೂಪಾಯಿ. ಅಂದಿನ ಮೈಸೂರಿಗೆ ಇದು ಎದೆ ನಡುಗಿಸುವ ಮೊತ್ತ. ಹಣಕಾಸು ಅಧಿಕಾರಿಗಳು ಹಿಂಜರಿದರು. ಕಡೆಗೆ ಲೆಕ್ಕವನ್ನು ಪರಿಶೀಲಿಸಿ ಮಂಜೂರಾತಿ ನೀಡಿದವರು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು. 1911ರ ನವೆಂಬರ್‌ನಲ್ಲಿ ಕೆಲಸ ಆರಂಭವಾಯಿತು.

80 ಅಡಿಯೋ, 124 ಅಡಿಯೋ

ಮೈಸೂರು ತನ್ನಿಷ್ಟದಂತೆ ಕಾವೇರಿಗೆ ಕಟ್ಟೆ ಹಾಕುವಂತಿರಲಿಲ್ಲ. 1892ರ ಒಪ್ಪಂದದಂತೆ ಮದರಾಸು ಸರ್ಕಾರದ ಒಪ್ಪಿಗೆ ಬೇಕಿತ್ತು. ತಂಜಾವೂರು ಭಾಗದ ಗದ್ದೆಗಳಿಗೆ ನೀರು ಕಡಿಮೆಯಾಗುವ ಆತಂಕ ಅವರದು. ಮದರಾಸು ಕೂಡ ಮೆಟ್ಟೂರಿನಲ್ಲಿ ತನ್ನದೇ ಜಲಾಶಯದ ಯೋಜನೆ ಹೊಂದಿತ್ತು. ಬಹಳ ಚರ್ಚೆಯ ಬಳಿಕ ದೊರೆತದ್ದು ಮೊದಲ ಹಂತಕ್ಕೆ ಮಾತ್ರ ಸಮ್ಮತಿ. 80 ಅಡಿ ಎತ್ತರ, 11 ಟಿಎಂಸಿ ಸಂಗ್ರಹ. ಮೈಸೂರು ಬಯಸಿದ್ದು 124 ಅಡಿ, 41.5 ಟಿಎಂಸಿ.

ಎತ್ತರ ಒಂದೂವರೆ ಪಟ್ಟು, ಸಂಗ್ರಹ ಮಾತ್ರ ಸುಮಾರು ನಾಲ್ಕು ಪಟ್ಟು. ಮೇಲೇರಿದಂತೆ ಕಣಿವೆ ಅಗಲವಾಗುವುದೇ ಇದಕ್ಕೆ ಕಾರಣ. ಕೊನೆಯ 44 ಅಡಿಗಳಲ್ಲೇ ಯೋಜನೆಯ ಬಹುಪಾಲು ಲಾಭ ಅಡಗಿತ್ತು.

ಇಲ್ಲಿ ಭೌತಶಾಸ್ತ್ರದ ಒಂದು ಸಂಕಟವೂ ಇತ್ತು. ಕನ್ನಂಬಾಡಿ ತನ್ನ ತೂಕದಿಂದಲೇ ನೀರನ್ನು ತಡೆದು ನಿಲ್ಲುವ ಕಲ್ಲುಗೋಡೆ. ನೀರಿನ ಆಳ ಹೆಚ್ಚಿದಂತೆ ಗೋಡೆಯ ಮೇಲಿನ ಒಟ್ಟು ಒತ್ತಡ ಎತ್ತರದ ವರ್ಗದಂತೆ ಏರುತ್ತದೆ, ಗೋಡೆಯನ್ನು ಮಗುಚುವ ಬಲ ಎತ್ತರದ ಘನದಂತೆ ಏರುತ್ತದೆ. 80ರಿಂದ 124 ಅಡಿಗೆ ಹೋದರೆ ಒತ್ತಡ ಸುಮಾರು 2.4 ಪಟ್ಟು, ಮಗುಚುವ ಬಲ ಸುಮಾರು 3.7 ಪಟ್ಟು. ಆದ್ದರಿಂದ ಎತ್ತರದ ಗೋಡೆಗೆ ಅಷ್ಟೇ ಅಗಲವಾದ ಬುಡ ಬೇಕು. 80 ಅಡಿಗೆ ತಕ್ಕ ಬುಡ ಹಾಕಿ, ಮುಂದೆ ಅನುಮತಿ ಬಂದ ಮೇಲೆ ಅದರ ಬೆನ್ನಿಗೆ ಹೊಸ ಕಲ್ಲುಗಾರೆ ಸೇರಿಸುವುದೆಂದರೆ ಖರ್ಚೂ ಹೆಚ್ಚು, ಹಳತು ಹೊಸತರ ಬೆಸುಗೆಯ ಅಪಾಯವೂ ಹೆಚ್ಚು.

ಹೀಗಾಗಿ ಬುಡವನ್ನು ಪೂರ್ಣ ಎತ್ತರಕ್ಕೆ ತಕ್ಕಂತೆ ಹಾಕಲು ತೀರ್ಮಾನಿಸಲಾಯಿತು. ಮದರಾಸು ಆಕ್ಷೇಪಿಸಿತು. ವಿವಾದ ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಗ್ರಿಫಿನ್ ಅವರ ಮಧ್ಯಸ್ಥಿಕೆಗೆ ಹೋಯಿತು. 1914ರ ಮೇ ತಿಂಗಳಲ್ಲಿ ಬಂದ ತೀರ್ಪು ಮೈಸೂರಿಗೆ ಅನುಕೂಲಕರವಾಗಿತ್ತು. ಭಾರತ ಸರ್ಕಾರ ಅದನ್ನು ಅಂಗೀಕರಿಸಿದರೂ ಮದರಾಸು ಲಂಡನ್‌ವರೆಗೆ ಮೇಲ್ಮನವಿ ಒಯ್ದಿತು. ಕೊನೆಗೆ 1924ರ ಫೆಬ್ರುವರಿ 18ರಂದು ಒಪ್ಪಂದವಾಗಿ ಕನ್ನಂಬಾಡಿಗೆ 124 ಅಡಿ, ಮದರಾಸಿಗೆ 93.5 ಟಿಎಂಸಿಯ ಮೆಟ್ಟೂರು ಎಂದು ನಿಶ್ಚಯವಾಯಿತು. ತಳಪಾಯ ಹಾಕಿದ ಒಂದು ದಶಕದ ಬಳಿಕ ಅದರ ಅಗಲಕ್ಕೆ ಅರ್ಥ ಬಂದಿತ್ತು.

ಆ ಒಪ್ಪಂದಕ್ಕೆ ಜಲಾಶಯ ನಿರ್ವಹಣೆಯ ನಿಯಮಾವಳಿಯನ್ನೂ ಲಗತ್ತಿಸಲಾಗಿತ್ತು. ತಮಿಳುನಾಡಿನ ಮೇಲಣೆಯ ಬಳಿ ಯಾವ ತಿಂಗಳಲ್ಲಿ ನದಿ ಎಷ್ಟು ಮಟ್ಟಕ್ಕೆ ಹರಿಯುತ್ತಿದ್ದರೆ ಮೈಸೂರು ನೀರು ಹಿಡಿದಿಡಬಹುದು ಎಂಬುದನ್ನು ಅದು ಅಂಕಿಗಳಲ್ಲಿ ನಿಗದಿಪಡಿಸಿತು. ಇಂಥ ಸ್ಥಿತಿ ಇದ್ದರೆ ಇಂಥ ಕ್ರಮ ಎಂದು ಸಾಲು ಸಾಲಾಗಿ ಬರೆದ ಆ ನಿಯಮಗಳನ್ನು ಇಂದಿನ ತಂತ್ರಾಂಶ ತಜ್ಞರು ಓದಿದರೆ ಅಪರಿಚಿತವೆನಿಸದು.

ಸುಣ್ಣ, ಇಟ್ಟಿಗೆ ಪುಡಿ ಮತ್ತು ಜನ

ಸಿಮೆಂಟ್ ಆಗ ಹೊರದೇಶದಿಂದ ಬರಬೇಕಿದ್ದ ದುಬಾರಿ ವಸ್ತು. ಅದರ ಬದಲು ಸುಣ್ಣ ಮತ್ತು ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆಯನ್ನು ಬಳಸಲಾಯಿತು. ಕೆಲಸ ಬಿರುಸಾಗಿದ್ದಾಗ ಸುಮಾರು 10 ಸಾವಿರ ಕಾರ್ಮಿಕರು ದುಡಿದರು. ಮಲೇರಿಯಾ ಅವರನ್ನು ಕಾಡಿತು. ಗಣಿಗಳಿಗೆ ಕೊಟ್ಟ ಮಾತಿನಂತೆ ನೀರು ಒದಗಿಸಲು ಗಡುವಿದ್ದುದರಿಂದ ರಾತ್ರಿ ದೀಪಗಳ ಬೆಳಕಿನಲ್ಲೂ ಗೋಡೆ ಏರಿತು.

1912ರ ನವೆಂಬರ್‌ನಲ್ಲಿ ವಿಶ್ವೇಶ್ವರಯ್ಯನವರು ದಿವಾನರಾದರು. 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಅವರ ಆಡಳಿತದಲ್ಲಿ ಆರಂಭವಾದವು. ಭದ್ರಾವತಿ ಕಬ್ಬಿಣದ ಕಾರ್ಖಾನೆಗೆ ತಳಹದಿ ಬಿತ್ತು. 1915ರಲ್ಲಿ ಬ್ರಿಟಿಷ್ ಸರ್ಕಾರ ಸರ್ ಪದವಿ ನೀಡಿತು.

ಆದರೆ 1918ರ ಕೊನೆಯಲ್ಲಿ ಅವರು ಹುದ್ದೆ ತ್ಯಜಿಸಿದರು. ಬ್ರಾಹ್ಮಣೇತರ ಸಮುದಾಯಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಹೆಚ್ಚಿನ ಅವಕಾಶ ನೀಡುವ ಕುರಿತು ಮಹಾರಾಜರು ಮಿಲ್ಲರ್ ಸಮಿತಿಯನ್ನು ನೇಮಿಸಿದ್ದರು. ನೇಮಕಕ್ಕೆ ಅರ್ಹತೆಯೊಂದೇ ಮಾನದಂಡವಾಗಬೇಕೆಂಬುದು ದಿವಾನರ ನಿಲುವು. ಶಿಕ್ಷಣದ ಬಾಗಿಲೇ ಎಲ್ಲರಿಗೂ ಸಮನಾಗಿ ತೆರೆಯದಿದ್ದ ಸಮಾಜದಲ್ಲಿ ಅರ್ಹತೆಯನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆಗೆ ಅವರ ನಿಲುವಿನಲ್ಲಿ ಉತ್ತರವಿರಲಿಲ್ಲ. ಮೀಸಲಾತಿಯ ಹಾದಿಯನ್ನು ಹಿಡಿದ ನಾಲ್ವಡಿಯವರನ್ನು ಹಳೇ ಮೈಸೂರಿನ ಜನ ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ.

ಕನ್ನಂಬಾಡಿ ಪೂರ್ಣಗೊಂಡಿದ್ದು ಅವರು ಹುದ್ದೆ ಬಿಟ್ಟ ಒಂದು ದಶಕದ ಮೇಲೆ, 1930ರ ದಶಕದ ಆರಂಭದಲ್ಲಿ. ಈ ನಡುವೆ 1924ರ ಜುಲೈನಲ್ಲಿ ಕಾವೇರಿಗೆ ಬಂದ ಮಹಾಪ್ರವಾಹ ಎಂಜಿನಿಯರುಗಳ ಹಳೆಯ ಅಂಕಿಗಳನ್ನು ಮತ್ತೆ ನೋಡುವಂತೆ ಮಾಡಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಬೃಂದಾವನ ಉದ್ಯಾನ ಅರಳಿತು. ಹುಲಿಕೆರೆ ಬಳಿ ಬೆಟ್ಟವನ್ನು ಕೊರೆದು ಸುಮಾರು 2.8 ಕಿ.ಮೀ. ಸುರಂಗದ ಮೂಲಕ ಇರ್ವಿನ್ ನಾಲೆಯನ್ನು ಹರಿಸಲಾಯಿತು. ಇಂದು ಅದಕ್ಕೆ ವಿಶ್ವೇಶ್ವರಯ್ಯ ನಾಲೆ ಎಂದು ಹೆಸರು, ಜನರ ಬಾಯಲ್ಲಿ ವಿ.ಸಿ. ನಾಲೆ. ನೀರು ಬಂದ ಮೇಲೆ ಕಬ್ಬು ಬಂತು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು.

ಲೆಕ್ಕಕ್ಕೆ ಸಿಗದ ಸಂಗತಿಗಳು

ಯಾವ ಮಾದರಿಯೂ ವಾಸ್ತವದ ಎಲ್ಲವನ್ನೂ ಒಳಗೊಳ್ಳಲಾರದು. ಏನನ್ನು ಸೇರಿಸಿದರು, ಏನನ್ನು ಬಿಟ್ಟರು ಎಂಬುದರ ಮೇಲೆ ಅದರ ಫಲ ನಿಂತಿರುತ್ತದೆ. ಕನ್ನಂಬಾಡಿಯೂ ಇದಕ್ಕೆ ಹೊರತಲ್ಲ.

ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು. ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಾಲಯ ನೀರಿನಡಿ ಸೇರಿ, ಬರಗಾಲದಲ್ಲಿ ಮಾತ್ರ ಮೇಲೆ ಕಾಣಿಸುತ್ತಿತ್ತು. ಈ ಶತಮಾನದಲ್ಲಿ ಅದರ ಕಲ್ಲುಗಳನ್ನು ಬಿಚ್ಚಿ ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಯಲ್ಲಿ ಮರಳಿ ಜೋಡಿಸಲಾಗಿದೆ. ದೇವರಿಗೆ ಮರಳಿ ಮನೆಯಾಯಿತು. ಊರು ಬಿಟ್ಟು ಹೋದ ಕುಟುಂಬಗಳ ಹೊಲ, ಕಣ, ಹಿರಿಯರ ಸಮಾಧಿ ನೀರಿನಡಿಯೇ ಉಳಿದವು.

ನಾಲೆಯ ಕೆಳಗಿನ ಜಮೀನಿಗೆ ಬ್ಲಾಕ್ ಪದ್ಧತಿ ಜಾರಿಗೆ ಬಂದಿತ್ತು. ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ ಕಬ್ಬು, ಭತ್ತ, ರಾಗಿಯಂಥ ಅರೆನೀರಾವರಿ ಬೆಳೆಗಳನ್ನು ಸರದಿಯಲ್ಲಿ ಬೆಳೆಯಬೇಕೆಂಬುದು ಅದರ ಸಾರ. ಕಡಿಮೆ ನೀರಿನಲ್ಲಿ ಹೆಚ್ಚು ಊರುಗಳಿಗೆ ಪಾಲು ಸಿಗಬೇಕೆಂಬುದು ಉದ್ದೇಶ. ಆದರೆ ಮನೆ ಮುಂದೆ ನೀರು ಹರಿಯುವಾಗ, ಹತ್ತಿರದಲ್ಲೇ ಸಕ್ಕರೆ ಕಾರ್ಖಾನೆ ಇರುವಾಗ, ರೈತರು ವರ್ಷ ವರ್ಷವೂ ಕಬ್ಬು, ಭತ್ತವನ್ನೇ ಆರಿಸಿಕೊಳ್ಳುವುದು ಸಹಜ. ಸರದಿ ಕ್ರಮೇಣ ಸಡಿಲವಾಯಿತು. ನಾಲೆಯ ಕೊನೆಯ ಭಾಗದ ರೈತರು ನೀರಿಗಾಗಿ ಕಾಯುವ ಸ್ಥಿತಿ ಬಂತು.

ಒಂದೇ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಪಾಲಿಗೆ ಒಂದೇ ಕಟ್ಟೆ ಬೇರೆ ಬೇರೆ ರೂಪ ತಳೆಯಿತು. ಶ್ರೀರಂಗಪಟ್ಟಣ, ಪಾಂಡವಪುರಕ್ಕೆ ನಾಲೆಯ ನೀರು ಹರಿಯಿತು. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಸೇರುವ ಕೆ.ಆರ್. ಪೇಟೆ ತಾಲ್ಲೂಕಿನ ಅಂಬಿಗರಹಳ್ಳಿ ಭಾಗಕ್ಕೆ ಬಂದಿದ್ದು ಹಿನ್ನೀರು. ಎತ್ತರದ ನೆಲದಲ್ಲಿರುವ ನಾಗಮಂಗಲ ಕನ್ನಂಬಾಡಿ ನಾಲೆಯ ಕೈಗೆ ಎಟುಕಲಿಲ್ಲ. ಕೆರೆ, ರಾಗಿ ಹೊಲಗಳ ಈ ತಾಲ್ಲೂಕಿನ ಒಂದು ಭಾಗಕ್ಕೆ ಶಿಂಷಾ ನದಿಯ ಮಾರ್ಕೋನಹಳ್ಳಿ ಜಲಾಶಯ ನೀರುಣಿಸಿತು. ಬಹುಕಾಲದ ಬಳಿಕ ಗೊರೂರಿನ ಹೇಮಾವತಿ ನಾಲೆ ಇತ್ತ ಬಂತು.

ಮಾರ್ಕೋನಹಳ್ಳಿಯ ಇನ್ನೊಂದು ವಿಶೇಷವನ್ನು ಇಲ್ಲಿ ನೆನೆಯಬೇಕು. ಮೈಸೂರಿನ ಎಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದ ಸೈಫನ್ ವ್ಯವಸ್ಥೆ ಅಲ್ಲಿದೆ. ನೀರು ಮಟ್ಟ ಮೀರಿದರೆ ಮನುಷ್ಯರ ಕೈ ಸೋಕದೆ ತಾನೇ ಹೊರಗೆ ಸೆಳೆದು ಬಿಡುವ ಕೊಳವೆಗಳಿವು. ಖಡಕ್ವಾಸಲಾದ ಬಾಗಿಲುಗಳ ಹಿಂದಿದ್ದ ಆಲೋಚನೆ ಮುಂದಿನ ಪೀಳಿಗೆಯಲ್ಲಿ ಬೇರೆ ರೂಪ ಪಡೆದಿತ್ತು.

ಕಟ್ಟೆಯ ಪಕ್ಕದ ಪ್ರಯೋಗಾಲಯ

ಕನ್ನಂಬಾಡಿಯ ಮಗ್ಗುಲಲ್ಲೇ, ಕೃಷ್ಣರಾಜಸಾಗರದಲ್ಲಿ, 1940ರ ದಶಕದಿಂದ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರವೊಂದು ಕೆಲಸ ಮಾಡುತ್ತಿದೆ. ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರ ಎಂಬುದು ಅದರ ಇಂದಿನ ಹೆಸರು. ಅಣೆಕಟ್ಟೆ, ಕೋಡಿ, ನಾಲೆಗಳ ಕಿರುಗಾತ್ರದ ಮಾದರಿಗಳನ್ನು ಕಟ್ಟಿ, ಅವುಗಳಲ್ಲಿ ನೀರು ಹರಿಸಿ, ಸುಳಿ, ಕೊರೆತ, ಒತ್ತಡಗಳನ್ನು ಅಳೆದು ವಿನ್ಯಾಸ ತಿದ್ದುವುದು ಅಲ್ಲಿನ ಕಾಯಕ. ಬೃಂದಾವನ ನೋಡಲು ಬರುವ ಸಾವಿರಾರು ಪ್ರವಾಸಿಗರಿಗೆ ಇದರ ಸುಳಿವು ಇರುವುದು ಕಡಿಮೆ. ಕಾಗದದ ಲೆಕ್ಕದಿಂದ ಕಿರುಗಾತ್ರದ ಮಾದರಿಗೆ, ಅಲ್ಲಿಂದ ಕಂಪ್ಯೂಟರ್ ಮಾದರಿಗೆ ಬಂದ ಹಾದಿಯ ಒಂದು ಮುಖ್ಯ ನಿಲ್ದಾಣ ಇದು.

ದಿವಾನಗಿರಿ ಬಿಟ್ಟ ಮೇಲೂ ವಿಶ್ವೇಶ್ವರಯ್ಯನವರು ಸುಮ್ಮನೆ ಕುಳಿತವರಲ್ಲ. 1923ರಿಂದ ಆರು ವರ್ಷ ಭದ್ರಾವತಿ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು. 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆಯನ್ನು ಪ್ರತಿಪಾದಿಸುವ ಪುಸ್ತಕ ಪ್ರಕಟಿಸಿದರು. ಕಟ್ಟೆಗೆ ಅನ್ವಯಿಸಿದ ಲೆಕ್ಕಾಚಾರದ ಕ್ರಮವನ್ನು ಇಡೀ ದೇಶಕ್ಕೆ ಅನ್ವಯಿಸುವ ಪ್ರಯತ್ನ ಅದು. 1951ರಲ್ಲಿ ವೃತ್ತಿಜೀವನದ ನೆನಪುಗಳನ್ನು ಬರೆದರು. 1955ರಲ್ಲಿ ಭಾರತರತ್ನ ಗೌರವ ಸಂದಿತು. ನೂರು ವರ್ಷ ತುಂಬಿದ ಮೇಲೆ 1962ರ ಏಪ್ರಿಲ್‌ನಲ್ಲಿ ನಿಧನರಾದರು. ಅವರ ಸಮಾಧಿ ಹುಟ್ಟೂರು ಮುದ್ದೇನಹಳ್ಳಿಯಲ್ಲಿದೆ. ಅವರ ಜನ್ಮದಿನವನ್ನು ದೇಶ ಎಂಜಿನಿಯರುಗಳ ದಿನವಾಗಿ ಆಚರಿಸುತ್ತದೆ.

ಇಂದಿಗೂ ಮುಗಿಯದ ಲೆಕ್ಕ

1924ರ ಒಪ್ಪಂದದ ಕೆಲವು ಅಂಶಗಳ 50 ವರ್ಷಗಳ ಅವಧಿ 1974ರಲ್ಲಿ ಮುಗಿದ ಬಳಿಕ ಕಾವೇರಿ ವಿವಾದ ಹೊಸ ರೂಪ ತಾಳಿತು. 1990ರಲ್ಲಿ ನ್ಯಾಯಮಂಡಳಿ ರಚನೆಯಾಗಿ 2007ರಲ್ಲಿ ಅಂತಿಮ ತೀರ್ಪು ಹೊರಬಂತು. 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 284.75 ಟಿಎಂಸಿಗೆ ಹೆಚ್ಚಿಸಿತು. ಸಾಮಾನ್ಯ ವರ್ಷಕ್ಕೆ ಹಂಚಿಕೆ ಸ್ಪಷ್ಟವಾಗಿದ್ದರೂ 2023ರಂಥ ಮಳೆ ಕೊರತೆಯ ವರ್ಷದಲ್ಲಿ ಸಂಕಷ್ಟವನ್ನು ಹಂಚಿಕೊಳ್ಳುವ ಸೂತ್ರದ ಬಗ್ಗೆ ಜಗಳ ನಿಂತಿಲ್ಲ.

ಕಟ್ಟೆಯ ಸುರಕ್ಷತೆಯ ಪ್ರಶ್ನೆಯೂ ಎದ್ದಿದೆ. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕಲ್ಲು ಗಣಿಗಾರಿಕೆಯ ಸ್ಫೋಟಗಳಿಂದ ಶತಮಾನದಷ್ಟು ಹಳೆಯ ಗಾರೆಯ ಗೋಡೆಗೆ ಧಕ್ಕೆಯಾದೀತೆಂದು ರೈತರು ಹೋರಾಡಿದ್ದಾರೆ. 2024ರ ಜನವರಿಯಲ್ಲಿ ಹೈಕೋರ್ಟ್ ಕಟ್ಟೆಯ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆಗೆ ತಡೆ ಒಡ್ಡಿತು. ಸುಣ್ಣ, ಇಟ್ಟಿಗೆ ಪುಡಿಯ ಆ ಗೋಡೆ ಎಷ್ಟು ಕಂಪನ ತಾಳಬಲ್ಲದು ಎಂಬುದು 1911ರ ಲೆಕ್ಕದಲ್ಲಿ ಇರಲಿಲ್ಲ. ಆಗ ಬೆಟ್ಟ ಒಡೆಯುವ ಇಂದಿನ ಯಂತ್ರಗಳೂ ಇರಲಿಲ್ಲ.

ವಿಶ್ವೇಶ್ವರಯ್ಯನವರಿಗೆ ಮಳೆಯ ದಾಖಲೆ, ನದಿಯ ಹರಿವು, ಗೋಡೆಯ ತೂಕ ಚೆನ್ನಾಗಿ ಗೊತ್ತಿತ್ತು. ಅವನ್ನು ಆಧರಿಸಿ ಅವರು ಅನುಮತಿ ಬರುವ ಮೊದಲೇ ಅಗಲವಾದ ಬುಡ ಹಾಕಿಸಿದರು. ಆ ಬುಡದ ಮೇಲೆ ಇಂದು 49.45 ಟಿಎಂಸಿ ಸಾಮರ್ಥ್ಯದ ಜಲಾಶಯ ನಿಂತಿದೆ. ಅದರ ನೀರನ್ನು ಯಾರಿಗೆ, ಯಾವಾಗ, ಎಷ್ಟು ಎಂದು ಹಂಚುವ ಲೆಕ್ಕ ಪ್ರತಿ ಮುಂಗಾರಿನಲ್ಲೂ ಹೊಸದಾಗಿ ಶುರುವಾಗುತ್ತದೆ.